ಚೆಂಡಿನ ಪಿನ್ನು, ಹಿತ್ತಾಳೆ ಬಿಲ್ಲೆ

ಪ್ರಥಮ ಪಿಯುಸಿ ಪ್ರವೇಶದ ಅರ್ಜಿಯಲ್ಲಿ 'ಹವ್ಯಾಸಗಳು' ಎಂದು ಒಂದು ಗೆರೆ ಬಿಟ್ಟಿದ್ದರು. ನನ್ನ ಮುಂದೆ ನಿಂತಿದ್ದವರೆಲ್ಲ ಕ್ರಿಕೆಟ್, ಚಿತ್ರಕಲೆ, ಪುಸ್ತಕ ಓದುವುದು ಎಂದು ಬರೆದಿದ್ದರು. ನಾನು 'ಬ್ಯಾಡ್ಜ್ ಕೂಡಿಸುವುದು ಮತ್ತು ಬದಲಿ ಮಾಡಿಕೊಳ್ಳುವುದು' ಎಂದು ಬರೆದೆ. ಅರ್ಜಿ ತೆಗೆದುಕೊಂಡ ಸರ್ ಅದನ್ನು ಎರಡು ಸಲ ಓದಿ, "ಇದರಾಗ ಏನ್ ಲಾಭ ಐತೋ ತಮ್ಮಾ?" ಎಂದು ಕೇಳಿದರು. ಕಾಮರ್ಸ್ ಸೇರಲು ಬಂದ ಹುಡುಗನಿಗೆ ಕೇಳಬೇಕಾದ ಪ್ರಶ್ನೆಯೇ ಅದು. ಆವತ್ತು ನಾನು ಸುಮ್ಮನೆ ನಕ್ಕೆ. ಈಗ ದ್ವಿತೀಯ ಪಿಯುಸಿಗೆ ಬಂದಿದ್ದೇನೆ. ಉತ್ತರ ಸಿಕ್ಕಿದೆ ಅನ್ನಿಸುತ್ತದೆ. ಆದರೆ ಅದರಲ್ಲಿ ಲಾಭಕ್ಕಿಂತ ನಷ್ಟದ ಲೆಕ್ಕವೇ ಜಾಸ್ತಿ.

ಮೊದಲು ಹವ್ಯಾಸ ಹೇಗೆ ಶುರುವಾಯಿತು ಎಂದು ಹೇಳುತ್ತೇನೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ಆಗಸ್ಟ್ 15ರ ಮೆರವಣಿಗೆ ಮುಗಿದ ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ಧ್ವಜದ ಬ್ಯಾಡ್ಜುಗಳು ಬಿದ್ದಿರುತ್ತಿದ್ದವು. ಹಿಂದಿನ ದಿನ ಎದೆಯ ಮೇಲೆ ಇದ್ದದ್ದು ಇವತ್ತು ಕಾಲ ಕೆಳಗೆ. ನಮ್ಮ ಟೀಚರ್ ಒಬ್ಬರು, ಕಾಗದದ ಧ್ವಜವನ್ನೂ ನೆಲಕ್ಕೆ ಎಸೆಯಬಾರದು, ಅದಕ್ಕೂ ನಿಯಮ ಇದೆ, ಗೌರವದಿಂದ ತೆಗೆದಿಡಬೇಕು ಎಂದು ಹೇಳಿದ್ದರು. ನಾನು ಬಿದ್ದವುಗಳನ್ನು ಆರಿಸಿ, ಒರೆಸಿ, ಅಬ್ಬಾ ಅವರ ಅಂಗಡಿಯ ಖಾಲಿ ಗುಂಡಿ ಡಬ್ಬಿಯಲ್ಲಿ ಹಾಕುತ್ತಿದ್ದೆ. ವರ್ಷಗಳು ಕಳೆದಂತೆ ಡಬ್ಬಿ ತುಂಬಿತು. ಅದರಲ್ಲಿ ಕಾಗದದವು, ಬಟ್ಟೆಯವು, ತಗಡಿನವು ಎಲ್ಲ ಇದ್ದವು. ಬಟ್ಟೆಯವನ್ನು ಅಬ್ಬಾ ಬೆರಳಲ್ಲಿ ಉಜ್ಜಿ ನೋಡಿ, "ಇದು ಖಾದಿ, ಇದು ಪಾಲಿಸ್ಟರ್" ಎಂದು ಬೇರೆ ಮಾಡುತ್ತಿದ್ದರು. ರಾಷ್ಟ್ರಧ್ವಜದ ಖಾದಿ ನಮ್ಮಿಂದ ದೂರದ್ದೇನಲ್ಲ. ಧಾರವಾಡ ತಾಲೂಕಿನ ಗರಗದಲ್ಲಿ ಅದಕ್ಕೆ ಬಟ್ಟೆ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಸ್ಟರ್ ಮತ್ತು ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅನುಮತಿ ಸಿಕ್ಕಿತು. ಆ ಬದಲಾವಣೆ ನನ್ನ ಡಬ್ಬಿಯಲ್ಲೂ ಕಾಣುತ್ತದೆ. ಮೇಲಿನ ಪದರದಲ್ಲಿ ಪಾಲಿಸ್ಟರ್ ಜಾಸ್ತಿ.

ಅಬ್ಬಾ ದರ್ಜಿ. ನಮ್ಮ ಎಂ.ಕೆ. ಹುಬ್ಬಳ್ಳಿಯಲ್ಲಿ ಶಾಲೆ ಯೂನಿಫಾರ್ಮ್ ಹೊಲಿಯುತ್ತಾರೆ. ಹೊರಗಿನವರಿಗೆ ಊರಿನ ಹೆಸರು ಹೇಳಿದರೆ ದೊಡ್ಡ ಹುಬ್ಬಳ್ಳಿ ಎಂದುಕೊಳ್ಳುತ್ತಾರೆ. ಆಗ ನಾನು "ಅದಲ್ಲ, ಬೆಳಗಾವಿ ಕಡೆಗೆ ಬರುವಾಗ ಮಲಪ್ರಭಾ ನದಿ ಸಿಗತೈತಲ್ಲ, ಗಂಗಾಂಬಿಕಾ ತಾಯಿಯ ಐಕ್ಯಮಂಟಪ ಐತಲ್ಲ, ಆ ಹುಬ್ಬಳ್ಳಿ" ಎಂದು ಬಿಡಿಸಿ ಹೇಳಬೇಕಾಗುತ್ತದೆ. ಅಂಗಡಿಯಲ್ಲಿ ಕೂತರೆ ಬ್ಯಾಡ್ಜಿಗೆ ಬರವಿಲ್ಲ. ರಿಪೇರಿಗೆ ಬಂದ ಅಂಗಿಗಳ ಮೇಲೆ ಶಾಲೆಯ ಬ್ಯಾಡ್ಜ್, ಸಂಘದ ಬ್ಯಾಡ್ಜ್, ರಾಜ್ಯೋತ್ಸವದ ಹಳದಿ-ಕೆಂಪು ಪಟ್ಟಿ, ಕಿತ್ತೂರು ಉತ್ಸವದ ಸ್ವಯಂಸೇವಕರ ಬ್ಯಾಡ್ಜ್ ಹಾಗೇ ಉಳಿದಿರುತ್ತವೆ. ಅಬ್ಬಾ ಒಂದನ್ನೂ ನನಗೆ ಕೊಡುತ್ತಿರಲಿಲ್ಲ. ಅಂಗಿಯ ಜೇಬಿನಲ್ಲೇ ಹಾಕಿ, ಅಂಗಿ ಜೊತೆಗೇ ವಾಪಸ್ ಕಳಿಸುತ್ತಿದ್ದರು. ಉಳಿದ ಬಟ್ಟೆಯ ತುಂಡನ್ನೂ ಸುತ್ತಿ ಕೊಡುವವರು ಅವರು. ಗಿರಾಕಿ ಕೇಳಿ ಪಡೆದುಕೊಂಡ ಮೇಲೆ ಬೇಕಾದರೆ ನೀನು ಇಟ್ಟುಕೋ ಎನ್ನುತ್ತಿದ್ದರು. ಈ ಮಾತು ಆಗ ನನಗೆ ಬರೀ ಜಿಪುಣತನ ಅನ್ನಿಸಿತ್ತು.

ಕೂಡಿಸುವುದು ಗೊತ್ತಿತ್ತು, ಬದಲಿ ಮಾಡುವುದು ಗೊತ್ತಿರಲಿಲ್ಲ. ಅದನ್ನು ಕಲಿತದ್ದು ಮೂಡುಬಿದಿರೆಯಲ್ಲಿ. 2022ರ ಡಿಸೆಂಬರ್ 21ರಿಂದ 27ರವರೆಗೆ ಅಲ್ಲಿನ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ನಾನು ಆಗ ಒಂಬತ್ತನೆಯ ತರಗತಿ. ಹೋಗುವಾಗ ಅಮ್ಮಿ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ನನ್ನ ಹತ್ತಿರ ಇದ್ದದ್ದು ಕುತ್ತಿಗೆಯ ಸ್ಕಾರ್ಫ್ ಮತ್ತು ಅಂಗಿಯ ಬ್ಯಾಡ್ಜುಗಳು ಅಷ್ಟೇ. ಅಲ್ಲಿ ನೋಡಿದರೆ ಸಾಯಂಕಾಲ ಆಯಿತೆಂದರೆ ದಾರಿಯ ಎರಡೂ ಕಡೆ ಹುಡುಗರು ಟವೆಲ್ ಹಾಸಿ ಕೂತಿರುತ್ತಿದ್ದರು. ಟವೆಲ್ ಮೇಲೆ ಬ್ಯಾಡ್ಜು, ಸ್ಕಾರ್ಫು, ಸ್ಕಾರ್ಫ್ ಹಿಡಿಯುವ ಉಂಗುರ. ದುಡ್ಡಿನ ಮಾತೇ ಇಲ್ಲ. ಬೇರೆ ರಾಜ್ಯದ ಹುಡುಗನೊಬ್ಬ ನನ್ನ ಎದೆಯ ಕಡೆ ಬೆರಳು ತೋರಿಸಿ, ತನ್ನ ಟವೆಲ್ ಕಡೆ ಬೆರಳು ತೋರಿಸಿದ. ಅವನಿಗೆ ಕನ್ನಡ ಬರದು, ನನಗೆ ಅವನ ಭಾಷೆ ಬರದು. ನಾನು ತಲೆ ಆಡಿಸಿದೆ. ಅವನು ಎಡಗೈ ಚಾಚಿದ. ಸ್ಕೌಟುಗಳು ಎಡಗೈಯಿಂದಲೇ ಕೈ ಕುಲುಕುವುದು, ಹೃದಯ ಆ ಕಡೆ ಇರುತ್ತದೆ ಎಂಬ ಕಾರಣಕ್ಕೆ. ಕೈ ಕುಲುಕಿದರೆ ವ್ಯವಹಾರ ಮುಗಿಯಿತು. ಏಳು ದಿನದಲ್ಲಿ ಹನ್ನೊಂದು ಬ್ಯಾಡ್ಜ್ ತಂದೆ. ಒಂದು ಸ್ಕಾರ್ಫ್ ಕೊಟ್ಟುಬಿಟ್ಟಿದ್ದಕ್ಕೆ ಅಮ್ಮಿಯಿಂದ ಬೈಸಿಕೊಂಡೆ.

ಈ ಬದಲಿ ಆಟ ಹೊಸದೇನಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. 1896ರಲ್ಲಿ ಅಥೆನ್ಸ್‌ನಲ್ಲಿ ಆಧುನಿಕ ಒಲಿಂಪಿಕ್ಸ್ ಶುರುವಾದಾಗ ಆಟಗಾರರು, ಅಧಿಕಾರಿಗಳು ಗುರುತಿಗಾಗಿ ರಟ್ಟಿನ ಬಿಲ್ಲೆ ಹಾಕಿಕೊಂಡಿದ್ದರು. ಅವನ್ನೇ ಸ್ನೇಹಕ್ಕಾಗಿ ಬದಲಿ ಮಾಡಿಕೊಂಡದ್ದು ಮುಂದೆ ದೊಡ್ಡ ಹವ್ಯಾಸವಾಯಿತು. ಇವತ್ತು ಒಲಿಂಪಿಕ್ಸ್ ಎಲ್ಲಿ ನಡೆದರೂ ಪಿನ್ ಬದಲಿ ಮಾಡುವವರ ಸಂತೆಯೇ ಅಲ್ಲಿರುತ್ತದೆ. ಅಮೆರಿಕಾದಲ್ಲಿ ಬೇಸ್‌ಬಾಲ್ ಪಿನ್ನುಗಳ ಹುಚ್ಚು ಇನ್ನೂ ಜಾಸ್ತಿ. ಅಲ್ಲಿ 1911ರ ವರ್ಲ್ಡ್ ಸೀರೀಸ್ ಹೊತ್ತಿಗೆ ಪತ್ರಕರ್ತರಿಗೆ ಒಳಗೆ ಬಿಡುವ ಗುರುತಾಗಿ ಪಿನ್ ಕೊಡುವುದು ಶುರುವಾಯಿತು. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಲ್ಲಿ 1947ರಲ್ಲಿ ಚಿಕ್ಕ ಹುಡುಗರ ಬೇಸ್‌ಬಾಲ್ ಟೂರ್ನಿ ಶುರುವಾಯಿತು. ಅಲ್ಲಿಗೆ ಬರುವ ತಂಡಗಳ ಮಕ್ಕಳು ಆಟದಷ್ಟೇ ಆಸೆಯಿಂದ ಪಿನ್ ಬದಲಿ ಮಾಡಿಕೊಳ್ಳುತ್ತಾರಂತೆ. ಆ ಮಕ್ಕಳಿಗೂ ನಮ್ಮ ಟವೆಲ್ ಸಂತೆಗೂ ಏನೂ ವ್ಯತ್ಯಾಸವಿಲ್ಲ.

ಬೇಸ್‌ಬಾಲ್ ಮಾತು ಯಾಕೆ ತೆಗೆದೆ ಎಂದರೆ, ನನ್ನ ಕಥೆಯ ಮುಖ್ಯ ವಸ್ತು ಒಂದು ಬೇಸ್‌ಬಾಲ್ ಪಿನ್ನು.

ಒಂದು ಚಳಿಗಾಲದಲ್ಲಿ ಅಬ್ಬಾ ಬೆಳಗಾವಿಯಿಂದ ಹಳೆಯ ಕೋಟುಗಳ ಒಂದು ಗಂಟು ತಂದಿದ್ದರು. ಹೊರದೇಶದಲ್ಲಿ ಹಾಕಿ ಬಿಟ್ಟ ಕೋಟುಗಳು. ಬಿಚ್ಚಿ, ಒಗೆದು, ಸಣ್ಣದು ಮಾಡಿ ಮಾರುವುದು ಅವರ ಲೆಕ್ಕ. ಒಂದೊಂದು ಕೋಟಿಗೆ ಮೂವತ್ತು ರೂಪಾಯಿ ಬಿದ್ದಿತ್ತು. ಅದರಲ್ಲಿ ಒಂದು ನೀಲಿ ಕೋಟಿನ ಎದೆಯ ಮಡಿಕೆಯ ಮೇಲೆ ಬಿಳಿ ಚೆಂಡಿನ ಪಿನ್ನು ಇತ್ತು. ಕೋಟಿನ ಆ ಮಡಿಕೆಗೆ ಲ್ಯಾಪೆಲ್ ಎನ್ನುತ್ತಾರೆ. ಎಡಗಡೆ ಒಂದು ಕಾಜಾ ಇರುತ್ತದೆ, ಎದುರಿಗೆ ಬಟನ್ನೇ ಇರುವುದಿಲ್ಲ. ಹೂವು, ಪಿನ್ನು ಸಿಗಿಸುವ ಜಾಗ ಅದು. "ನೋಡು, ಕಾಜಾ ಐತಿ, ಬಟನ್ ಇಲ್ಲ. ಸುಮ್ನ ಮೆರಿಯಾಕ ಇಟ್ಟಾರ" ಎಂದು ಅಬ್ಬಾ ನಕ್ಕು ಪಿನ್ನು ನನ್ನ ಕೈಗೆ ಕೊಟ್ಟರು. ಇದಕ್ಕೆ ಮಾತ್ರ ಗಿರಾಕಿ ಯಾರೂ ಇರಲಿಲ್ಲ.

ನಾನು ಮೊದಲು ಕ್ರಿಕೆಟ್‌ನ ಬಿಳಿ ಚೆಂಡು ಎಂದುಕೊಂಡೆ. ಆದರೆ ಹೊಲಿಗೆ ಬೇರೆ. ಕ್ರಿಕೆಟ್ ಚೆಂಡಿನ ಹೊಲಿಗೆ ನಡುವೆ ನೇರವಾಗಿ ಸುತ್ತುತ್ತದೆ. ಇದರಲ್ಲಿ ಕೆಂಪು ಹೊಲಿಗೆ ಎರಡು ಕಡೆ ಕುದುರೆ ಲಾಳದಂತೆ ಬಾಗಿತ್ತು. ನಿಜವಾದ ಬೇಸ್‌ಬಾಲ್ ಚೆಂಡಿಗೆ ಕೆಂಪು ದಾರದ 108 ಜೋಡಿ ಹೊಲಿಗೆ ಇರುತ್ತದೆ, ಅದನ್ನು ಇವತ್ತಿಗೂ ಕೈಯಲ್ಲೇ ಹಾಕುತ್ತಾರೆ ಎಂದು ಅಬ್ಬಾಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. "ಹಂಗಾದ್ರ ಆ ಆಟಕ್ಕೂ ದರ್ಜಿ ಬೇಕು" ಎಂದರು. ಪಿನ್ನಿನ ಮೇಲೆ ಬಣ್ಣದ ಎನಾಮೆಲ್ ತುಂಬಿದ್ದರು, ಹಿಂದೆ ಮೊನೆಗೆ ಚಿಟ್ಟೆ ರೆಕ್ಕೆಯಂಥ ಹಿಡಿಕೆ ಇತ್ತು. ಯಾವ ತಂಡದ ಹೆಸರೂ ಇರಲಿಲ್ಲ, ವರ್ಷವೂ ಇರಲಿಲ್ಲ. ಆದರೆ ನಮ್ಮ ಬ್ಯಾಡ್ಜ್ ಗುಂಪಿನಲ್ಲಿ ಅಂಥದ್ದು ಬೇರೆ ಯಾರ ಹತ್ತಿರವೂ ಇರಲಿಲ್ಲ.

ಗುಂಪು ಎಂದೆ. ಜಾಂಬೂರಿಯಿಂದ ಬಂದ ಮೇಲೆ ನಾವು ಏಳೆಂಟು ಹುಡುಗರು ಭಾನುವಾರ ಸೇರುತ್ತಿದ್ದೆವು. ನಮ್ಮದು ಮೂರು ನಿಯಮ. ದುಡ್ಡು ಕೊಡುವಂತಿಲ್ಲ. ಎಡಗೈ ಕುಲುಕಿದ ಮೇಲೆ ವಾಪಸ್ ಕೇಳುವಂತಿಲ್ಲ. ಜಗಳ ಆಡುವಂತಿಲ್ಲ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಎಡಗಡೆ ಬಂದದ್ದು, ಬಲಗಡೆ ಕೊಟ್ಟದ್ದು, ತಾರೀಖು. ಅಕೌಂಟೆನ್ಸಿ ಓದುವ ಮೊದಲೇ ನಾನು ಲೆಕ್ಕ ಬರೆಯುತ್ತಿದ್ದೆ ಎಂದು ಹೆಮ್ಮೆ. ದುಡ್ಡಿಲ್ಲದ ವ್ಯಾಪಾರ ಎಷ್ಟು ಕಷ್ಟ ಎಂದು ಅರ್ಥಶಾಸ್ತ್ರದ ಪಾಠದಲ್ಲಿ ಬಂದಾಗ ನನಗೆ ಹೊಸದಾಗಿ ಏನೂ ಅನ್ನಿಸಲಿಲ್ಲ. ನನಗೆ ಬೇಕಾದದ್ದು ಅವನ ಹತ್ತಿರ ಇರಬೇಕು, ಅವನಿಗೆ ಬೇಕಾದದ್ದು ನನ್ನ ಹತ್ತಿರ ಇರಬೇಕು, ಇಬ್ಬರಿಗೂ ಒಂದೇ ದಿನ ಮನಸ್ಸಾಗಬೇಕು. ಬಹಳ ಭಾನುವಾರ ಹಾಗೆ ಆಗುವುದೇ ಇಲ್ಲ.

ನಾನು ಪ್ರಥಮ ಪಿಯುಸಿಯಲ್ಲಿದ್ದಾಗ, ದಸರಾ ರಜೆಯಲ್ಲಿ, ಹಾಗೆ ಆಯಿತು. ಗುಂಪಿಗೆ ಹೊಸದಾಗಿ ಸೇರಿದ್ದ ಎಂಟನೆಯ ತರಗತಿಯ ಹುಡುಗನೊಬ್ಬ ಕರವಸ್ತ್ರದಲ್ಲಿ ಏನೋ ಸುತ್ತಿಕೊಂಡು ಬಂದ. ನಮ್ಮೂರ ಹತ್ತಿರದ ಹಳ್ಳಿಯವನು. ಬಿಚ್ಚಿದರೆ ಅಂಗೈ ಅಗಲದ ಹಿತ್ತಾಳೆ ಬಿಲ್ಲೆ. ಮೊಟ್ಟೆಯಾಕಾರ. ಅಂಚು ಸವೆದಿತ್ತು. ಮೇಲೆ ಒಂದು ಕಚೇರಿಯ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಅರ್ಧ ಅಳಿಸಿತ್ತು, ಕೆಳಗೆ ನಂಬರ್ ಇತ್ತು. ಹಿಂದೆ ಬೆಲ್ಟಿಗೆ ಸಿಗಿಸುವ ಎರಡು ಕೊಂಡಿ. "ನಮ್ಮ ಮುತ್ಯಾನ ಅಪ್ಪಂದು. ಟ್ರಂಕಿನಾಗ ಇತ್ತು" ಎಂದ. ಅವನ ಕಣ್ಣು ನನ್ನ ಚೆಂಡಿನ ಪಿನ್ನಿನ ಮೇಲೆಯೇ ಇತ್ತು.

ಅದು ಏನು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಮ್ಮ ದಾದಾ ಹೇಳಿದ್ದರು. ನಮ್ಮ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆಗ ಸರಕಾರಿ ಕಚೇರಿಯ ಸಿಪಾಯಿಗಳು ಎದೆಗೆ ಅಡ್ಡಪಟ್ಟಿ ಹಾಕಿ ಅದರ ಮೇಲೆ ಹಿತ್ತಾಳೆ ಬಿಲ್ಲೆ ಹಾಕಿಕೊಳ್ಳುತ್ತಿದ್ದರು. ಪಟ್ಟಿ ಹಾಕಿದವನು ಪಟ್ಟೇವಾಲಾ. ಹಳೇ ಮೈಸೂರಿನ ಕಡೆ ಅದೇ ಪಟ್ಟಿಗೆ ಡವಾಲಿ ಎನ್ನುತ್ತಿದ್ದರಂತೆ. ನಮ್ಮ ಮನೆಮಾತು ಉರ್ದುವಿನಲ್ಲಿ ಬಿಲ್ಲೆಗೆ ಚಪ್ರಾಸ್ ಎಂಬ ಹೆಸರಿದೆ. ಚಪ್ರಾಸ್ ಹಾಕಿಕೊಂಡವನೇ ಚಪ್ರಾಸಿ. ಇವತ್ತು ಯಾರನ್ನಾದರೂ ಸಣ್ಣವನು ಮಾಡಿ ಮಾತಾಡಲು ಆ ಪದ ಬಳಸುತ್ತೇವೆ. ಆಗ ಅದು ಊರಲ್ಲಿ ಸಂಬಳದ ನೌಕರಿ ಇರುವ ಮನುಷ್ಯನ ಗುರುತು. ದಾದಾ ಚಿಕ್ಕವರಿದ್ದಾಗ ಪಟ್ಟೇವಾಲಾ ಬಂದ ಎಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರಂತೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. "ಹಳೇ ತಗಡು ಐತಿ, ಬೆಲ್ಟಿನ ಬಕಲ್ ಇರಬೇಕು" ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಪಿನ್ನು ತೋರಿಸಿ, "ಇದು ಅಮೆರಿಕಾದ ಒಬ್ಬ ಆಟಗಾರ ಸ್ವತಃ ಹಾಕ್ಕೊಂಡಿದ್ದು" ಎಂದೆ. ಆ ಸುಳ್ಳು ಎಲ್ಲಿಂದ ಬಂತೋ, ನಾಲಿಗೆ ತಡವರಿಸಲೂ ಇಲ್ಲ. ಹುಡುಗ ಎಡಗೈ ಚಾಚಿದ. ನಾನು ಕುಲುಕಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: ಬಂದದ್ದು, ಹಿತ್ತಾಳೆ ಬಿಲ್ಲೆ ಒಂದು. ಕೊಟ್ಟದ್ದು, ಚೆಂಡಿನ ಪಿನ್ನು ಒಂದು.

ಮುಂದಿನ ಕೆಲವು ತಿಂಗಳು ನಾನು ಬಹಳ ಜಾಣ ಎಂದುಕೊಂಡೆ. ಹಳೆಯ ನಾಣ್ಯ ಕೊಳ್ಳುವ ಒಬ್ಬರು ಫೋಟೋ ನೋಡಿ ಹದಿನೆಂಟು ನೂರು ರೂಪಾಯಿ ಕೊಡುತ್ತೇನೆ ಎಂದರು. ಮೂವತ್ತು ರೂಪಾಯಿ ಕೋಟಿನ ಜೊತೆ ಪುಕ್ಕಟೆ ಬಂದ ಪಿನ್ನಿಗೆ ಹದಿನೆಂಟು ನೂರು! ಸಿಎ ಫೌಂಡೇಶನ್ ಪುಸ್ತಕಗಳಿಗೆ ದುಡ್ಡು ಕೂಡಿಸುತ್ತಿದ್ದೆ. ಅಬ್ಬಾ ಅವರನ್ನು ಕೇಳಬೇಕಾಗಿಲ್ಲ ಎಂದು ಸಮಾಧಾನವಾಯಿತು. ಆದರೂ ಮಾರಲಿಲ್ಲ. ಇವತ್ತು ನಾಳೆ ಎಂದು ಮುಂದೂಡುತ್ತಲೇ ಇದ್ದೆ. ಯಾಕೆ ಎಂದು ಕೇಳಿದರೆ, ಬೆಲೆ ಇನ್ನೂ ಏರಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೇ ಕೊನೆಗೆ ಶಾಲೆ ಶುರುವಾಗುವ ಹೊತ್ತು ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಅಳತೆ ಬರೆದುಕೊಳ್ಳುತ್ತಿದ್ದೆ. ಒಬ್ಬ ತಾಯಿ ಮಗನ ಯೂನಿಫಾರ್ಮ್ ಬಟ್ಟೆ ತಂದರು. ತಲೆ ಎತ್ತಿ ನೋಡಿದರೆ ಅದೇ ಹುಡುಗ, ಅಂಗಿ ಜೇಬಿನ ಮೇಲೆ ಅದೇ ಬಿಳಿ ಚೆಂಡು. ನನ್ನ ಕೈಯಲ್ಲಿದ್ದ ಟೇಪು ಜಾರಿತು. ಇನ್ನು ಬೈಗಳು ಬಂದವು ಎಂದುಕೊಂಡೆ. ಆ ತಾಯಿ ನನ್ನನ್ನು ನೋಡಿ ನಕ್ಕರು. ಅಬ್ಬಾ ಕಡೆ ತಿರುಗಿ, "ಟೇಲರ್ ಅಣ್ಣಾರ, ನಿಮ್ಮ ಮಗಾ ಭಾಳ ಛಲೋ ಹುಡುಗ ನೋಡ್ರಿ. ನಮ್ಮ ಹುಡುಗಗ ಅಮೆರಿಕಾದ ಪಿನ್ನು ಕೊಟ್ಟಾನ. ದಿನಾ ಅದನ್ನ ಹಾಕ್ಕೊಂಡ ಅಡ್ಡಾಡತಾನ" ಎಂದರು. ಚೀಲದಿಂದ ಒಂದು ಪೊಟ್ಟಣ ಹಸಿ ಶೇಂಗಾ ತೆಗೆದು ನನ್ನ ಮುಂದೆ ಇಟ್ಟರು. "ನಮ್ಮ ಹೊಲದ್ದು, ತಿನ್ನಪಾ."

ಹುಡುಗ ನೆಲ ನೋಡುತ್ತಿದ್ದ. ಅವನು ಮನೆಯಲ್ಲಿ ಬಿಲ್ಲೆಯ ಮಾತು ಹೇಳಿಯೇ ಇರಲಿಲ್ಲ. ಪಿನ್ನು ನಾನು ಸುಮ್ಮನೆ ಕೊಟ್ಟೆ ಎಂದು ಹೇಳಿದ್ದ. ಬೈದಿದ್ದರೆ ನಾನು ನಿಯಮದ ಮಾತು ಆಡುತ್ತಿದ್ದೆ. ಕೈ ಕುಲುಕಿ ಆಗಿದೆ, ವಾಪಸ್ ಇಲ್ಲ ಎನ್ನುತ್ತಿದ್ದೆ. ಶೇಂಗಾದ ಮುಂದೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ಅಬ್ಬಾ ಮಷೀನಿನ ಪೆಡಲ್ ನಿಲ್ಲಿಸಿದರು. ಆ ಪಿನ್ನು ಯಾವ ಕೋಟಿನದು ಎಂದು ಅವರಿಗೆ ಗೊತ್ತಿತ್ತು. "ಬದಲೇಮೆ ಕ್ಯಾ ಲಿಯಾ ರೇ?" ಎಂದು ಕೇಳಿದರು. ಬದಲಿಗೆ ಏನು ತೆಗೆದುಕೊಂಡೆ, ಅಷ್ಟೇ ಪ್ರಶ್ನೆ. ನಾನು "ಕುಛ್ ನಹೀ" ಎಂದೆ. ಅಬ್ಬಾ ಮತ್ತೆ ಕೇಳಲಿಲ್ಲ. ಮಷೀನು ಮತ್ತೆ ಓಡತೊಡಗಿತು. ಅದು ನನ್ನ ಮೂರನೆಯ ಸುಳ್ಳು.

ಆ ರಾತ್ರಿ ಬಿಲ್ಲೆಯನ್ನು ದಾದಾ ಅವರ ಮುಂದೆ ಇಟ್ಟೆ. ಅಬ್ಬಾ ಮುಂದೆ ಇಡಲು ಧೈರ್ಯವಾಗಲಿಲ್ಲ. ದಾದಾಗೆ ಕಣ್ಣು ಮಂದ. ಬೆರಳಿನಿಂದಲೇ ಸವರಿ, "ಚಪ್ರಾಸ್" ಎಂದರು. ನಾನು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನಾವೆಲ್ಲ ಮದರಸಾದಲ್ಲಿ ಚಿಕ್ಕಂದಿನಲ್ಲಿ ಕೇಳಿದ ಒಂದು ಪ್ರಸಂಗ ನೆನಪಿಸಿದರು. ಪ್ರವಾದಿಯವರು (ಸ) ಮದೀನಾದ ಪೇಟೆಯಲ್ಲಿ ಹೋಗುವಾಗ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದರು. ಮೇಲೆ ಒಣಗಿತ್ತು, ಒಳಗೆ ಒದ್ದೆಯಾಗಿತ್ತು. ವ್ಯಾಪಾರಿ ಮಳೆಗೆ ನೆನೆಯಿತು ಎಂದ. ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು.

ನಾನು ಕಾಮರ್ಸ್ ಹುಡುಗನ ಹಾಗೆ ವಾದ ಮಾಡಿದೆ. "ದಾದಾ, ಅದು ಮಾರುವವನ ಮಾತು. ನಾನು ಬಿಲ್ಲೆ ಕೊಂಡವನು. ಅವನ ವಸ್ತುವಿನ ಬೆಲೆ ಅವನಿಗೆ ಗೊತ್ತಿಲ್ಲದಿದ್ದರೆ ನನ್ನ ತಪ್ಪೇ?" ದಾದಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಬಚ್ಚಾ. ಅವನ ರಾಶಿಯೊಳಗೂ ನೀನೇ ಕೈ ಹಾಕಿದ್ದಿ, ನಿನ್ನ ರಾಶಿಯೊಳಗೂ ನೀನೇ ಕೈ ಹಾಕಿದ್ದಿ. ಎರಡೂ ನಿನಗೊಬ್ಬನಿಗೇ ಗೊತ್ತಿತ್ತು" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಭಾನುವಾರ ಸೈಕಲ್ ಮೇಲೆ ಆ ಹಳ್ಳಿಗೆ ಹೋದೆ. ಹುಡುಗ ಮನೆಯ ಮುಂದೆ ಎಮ್ಮೆಗೆ ನೀರು ಕುಡಿಸುತ್ತಿದ್ದ. ಬಿಲ್ಲೆ ತೋರಿಸಿದೆ. ಅವನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವನ ಮುಖ ಕಪ್ಪಿಟ್ಟಿತು. "ಯಾಕ್ ತಂದಿ? ಅವ್ವಗ ಗೊತ್ತಾದ್ರ ಹೊಡಿತಾಳ. ತಗೊಂಡ್ ಹೋಗು" ಎಂದು ಪಿಸುಗುಟ್ಟಿದ. ನಾನು ತಪ್ಪು ತಿದ್ದಲು ಹೋದರೆ ಅವನ ಕಳ್ಳತನ ಹೊರಗೆ ಬೀಳುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ತಾಯಿ ಹೊರಗೆ ಬಂದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು.

ನಾನು ಹೇಳಿದೆ. ಇದು ಏನು, ಯಾವ ಕಾಲದ್ದು, ಇದಕ್ಕೆ ಎಷ್ಟು ದುಡ್ಡು ಕೊಡುತ್ತೇನೆ ಎಂದರು, ನಾನು ಹುಡುಗನಿಗೆ ಏನು ಸುಳ್ಳು ಹೇಳಿದೆ, ಪಿನ್ನು ಯಾವ ಕೋಟಿನದು, ಎಲ್ಲ. ಅವರು ಬಿಲ್ಲೆಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದರು. "ನಾ ಲಗ್ನಾಗಿ ಬಂದಾಗ ನಮ್ಮ ಅತ್ತಿ ಇದನ್ನ ದೀಪಾವಳಿಗೆ ಹುಣಸಿಹಣ್ಣು ಹಚ್ಚಿ ತಿಕ್ಕತಿದ್ರು. ಅವರು ಹೋದಮ್ಯಾಲೆ ಯಾರೂ ತೆಗದಿಲ್ಲ" ಎಂದರು. ಮಗನ ಕಡೆ ಒಮ್ಮೆ ನೋಡಿದರು. ಆ ನೋಟಕ್ಕಿಂತ ಎರಡು ಏಟು ಲೇಸಿತ್ತು. ನನಗೆ ಏನೂ ಅನ್ನಲಿಲ್ಲ, ಶೇಂಗಾವನ್ನೂ ಕೊಡಲಿಲ್ಲ. "ಕುಂದ್ರು, ಚಾ ಕುಡದ ಹೋಗು" ಎಂದರು ಅಷ್ಟೇ. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ನಾನು ಹೊರಟಾಗ ಹುಡುಗ ಹಿಂದೆ ಬಂದ. ಜೇಬಿನಿಂದ ಚೆಂಡಿನ ಪಿನ್ನು ಬಿಚ್ಚಿ ನನ್ನ ಸೈಕಲ್ ಸೀಟಿನ ಮೇಲೆ ಇಟ್ಟ. "ಇಟ್ಟುಕೋ, ಇದು ನಿಂದೇ" ಎಂದೆ. "ಸುಳ್ಳು ಪಿನ್ನು ನನಗ ಬ್ಯಾಡ" ಎಂದು ಒಳಗೆ ಹೋದ. ಪಿನ್ನು ಸುಳ್ಳಲ್ಲ, ಹೇಳಿದ್ದು ಸುಳ್ಳು ಎಂದು ಕೂಗಿ ಹೇಳಬೇಕು ಅನ್ನಿಸಿತು. ಆದರೆ ಅವನಿಗೆ ಎರಡೂ ಒಂದೇ ಎಂದು ನನಗೂ ಅರ್ಥವಾಗಿತ್ತು. ಏಳು ತಿಂಗಳು ಅವನು ಅದನ್ನು ಎದೆಯ ಮೇಲೆ ಹಾಕಿಕೊಂಡು ತಿರುಗಿದ್ದ. ನಾನು ಬಿಲ್ಲೆಯನ್ನು ಹಿಂತಿರುಗಿಸಿದೆ, ಆದರೆ ಆ ಏಳು ತಿಂಗಳ ಖುಷಿಯನ್ನು ಕಿತ್ತುಕೊಂಡು ಬಂದೆ. ಅದನ್ನು ಯಾವ ಕಡೆ ಬರೆಯಬೇಕು ಎಂದು ನೋಟ್‌ಬುಕ್ ತೆರೆದು ಬಹಳ ಹೊತ್ತು ಕೂತೆ.

ಮನೆಗೆ ಬಂದು ಅಬ್ಬಾಗೂ ಹೇಳಿದೆ. ಅವರು ದಾರ ಕಚ್ಚಿ ತುಂಡರಿಸುತ್ತಾ ಕೇಳಿಸಿಕೊಂಡರು. "ಸಿಎ ಪುಸ್ತಕಕ್ಕೆ ಎಷ್ಟು ಬೇಕು?" ಎಂದು ಮಾತ್ರ ಕೇಳಿದರು. ಯೂನಿಫಾರ್ಮ್ ಸೀಸನ್ ಮುಗಿದ ಮೇಲೆ ಕೊಡಿಸುತ್ತೇನೆ ಎಂದರು. ನಾನು ದಿನವೂ ರಾತ್ರಿ ಅಂಗಡಿಯಲ್ಲಿ ಕಾಜಾ ಹೊಲಿದು ಅರ್ಧ ದುಡ್ಡು ದುಡಿದೆ.

ಈ ವರ್ಷ ಪಾಲುದಾರಿಕೆ ಲೆಕ್ಕದಲ್ಲಿ ಗುಡ್‌ವಿಲ್ ಪಾಠ ಬಂದಿದೆ. ಕಣ್ಣಿಗೆ ಕಾಣದ ಆಸ್ತಿ, ಆದರೆ ಅದಕ್ಕೂ ಬೆಲೆ ಇದೆ ಎಂದು ಸರ್ ಹೇಳಿದಾಗ ನನಗೆ ನೆನಪಾದದ್ದು ಆ ಶೇಂಗಾ ಪೊಟ್ಟಣ. ಅದು ಅಬ್ಬಾ ಗಳಿಸಿಟ್ಟ ಗುಡ್‌ವಿಲ್. ಬಟ್ಟೆಯ ತುಂಡು ಸುತ್ತಿ ಕೊಟ್ಟು, ಜೇಬಿನ ಬ್ಯಾಡ್ಜ್ ವಾಪಸ್ ಕಳಿಸಿ ಇಪ್ಪತ್ತು ವರ್ಷದಲ್ಲಿ ಕೂಡಿಸಿದ್ದು. ಟೇಲರ್ ಅಣ್ಣಾರ ಮಗ ಎಂಬ ಕಾರಣಕ್ಕೇ ಆ ಹುಡುಗ ನನ್ನ ಮಾತು ನಂಬಿದ್ದ. ನಾನು ಅಬ್ಬಾ ಅವರ ಬಂಡವಾಳದಿಂದ ವ್ಯಾಪಾರ ಮಾಡಿದ್ದೆ, ಅವರನ್ನು ಕೇಳದೆ. ಹಾಗೆಯೇ, ಲೆಕ್ಕಪತ್ರದಲ್ಲಿ ಮುಖ್ಯವಾದ ಯಾವ ವಿಷಯವನ್ನೂ ಮುಚ್ಚಿಡಬಾರದು ಎಂಬ ತತ್ವವನ್ನು ಪ್ರಥಮ ಪಿಯುಸಿಯಲ್ಲೇ ಓದಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಬಂದಿತ್ತು. ಬಿಲ್ಲೆ ನನ್ನ ಪೆಟ್ಟಿಗೆಯಲ್ಲಿ ಇದ್ದ ದಿನಗಳಲ್ಲೇ ಆ ಉತ್ತರ ಬರೆದಿದ್ದೆ.

ಗುಂಪಿಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಇಬ್ಬರು ನಕ್ಕರು, ಒಬ್ಬ ಬರುವುದನ್ನೇ ಬಿಟ್ಟ. ಉಳಿದವರು ಸೇರಿ ನಾಲ್ಕನೆಯ ನಿಯಮ ಮಾಡಿದೆವು: ಕೈ ಕುಲುಕುವ ಮೊದಲು ಎರಡೂ ವಸ್ತುಗಳ ಬಗ್ಗೆ ತನಗೆ ಗೊತ್ತಿರುವುದನ್ನೆಲ್ಲ ಇಬ್ಬರೂ ಹೇಳಬೇಕು. ಐದನೆಯದು: ಮನೆಯ ಹಿರಿಯರಿಗೆ ಹೇಳದೆ ಟ್ರಂಕಿನಿಂದ ಏನನ್ನೂ ತರಬಾರದು. ಈಗ ಬದಲಿ ಕಡಿಮೆಯಾಗಿದೆ, ಮಾತು ಜಾಸ್ತಿಯಾಗಿದೆ. ಒಂದು ಸಣ್ಣ ಬ್ಯಾಡ್ಜ್ ಹಿಡಿದು ಅರ್ಧ ಗಂಟೆ ಕಥೆ ನಡೆಯುತ್ತದೆ. ನಿಜ ಹೇಳಬೇಕೆಂದರೆ ಹವ್ಯಾಸ ಮೊದಲಿಗಿಂತ ರುಚಿಯಾಗಿದೆ.

ಕಾಲೇಜಿನಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಬನ್ನಿ. ದುಡ್ಡು ಬೇಡ. ಆಗಸ್ಟ್ 16ರ ಬೆಳಿಗ್ಗೆ ಬೇಗ ಎದ್ದು ರಸ್ತೆ ನೋಡಿದರೆ ಸಾಕು, ಶುರು ಮಾಡಲು ಬೇಕಾದದ್ದು ಸಿಗುತ್ತದೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಬಿಲ್ಲೆ, ಪದಕ, ಪಟ್ಟಿ ಏನಾದರೂ ಇದ್ದರೆ ಅದನ್ನು ತರಬೇಡಿ. ಅದು ಯಾರದು ಎಂದು ಮನೆಯಲ್ಲಿ ಕೇಳಿ, ಉತ್ತರವನ್ನು ಬರೆದುಕೊಂಡು ಬನ್ನಿ.

ಚೆಂಡಿನ ಪಿನ್ನು ನನ್ನ ಹತ್ತಿರವೇ ಇದೆ. ಅದನ್ನು ಬದಲಿಗೆ ಇಟ್ಟಿಲ್ಲ. ಹೋದ ವಾರ ಆ ಹುಡುಗ ಮತ್ತೆ ಗುಂಪಿಗೆ ಬಂದ. ಬೇಸಿಗೆಯ ನಂತರ ಮೊದಲ ಸಲ. ದೂರ ಕೂತಿದ್ದ. ಕೊನೆಗೆ ಎದ್ದು ಬಂದು ಕಿತ್ತೂರು ಉತ್ಸವದ ಒಂದು ಬ್ಯಾಡ್ಜ್ ನನ್ನ ಮುಂದೆ ಹಿಡಿದ. ನಾನು ಕೈ ಚಾಚಿದೆ. ಅವನು ಬ್ಯಾಡ್ಜ್ ಹಿಂದಕ್ಕೆ ಎಳೆದುಕೊಂಡ.

"ಮೊದಲ ಇದರ ಬಗ್ಗೆ ನಿನಗ ಏನೇನ್ ಗೊತ್ತೈತಿ, ಎಲ್ಲಾ ಹೇಳು" ಎಂದ.

ನಾನು ಹೇಳತೊಡಗಿದೆ.